ನಲವತ್ತನಾಲ್ಕು ಬಡಿತ

ಬಂಗಾರಪೇಟೆ
4 ಮೇ 1936

ಚಿರಂಜೀವಿ ಕೋದಂಡಪ್ಪನಿಗೆ ಭಾವ ಅಶ್ವತ್ಥಪ್ಪ ಮಾಡುವ ಆಶೀರ್ವಾದ.

ನಿನಗೆ ರುಚಿಸದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ನನ್ನ ಮಗಳು ರತ್ನಳನ್ನು ನಿನಗೆ ಕೊಡುತ್ತಿಲ್ಲ. ಅಕ್ಕನ ಮಗಳು ತಮ್ಮನ ಹಕ್ಕು, ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು ಎಂದು ನಿನ್ನ ಅಕ್ಕ ಕದಿರಮ್ಮ ಮೂರು ದಿನ ಒಲೆ ಹಚ್ಚದೆ ಕೂತಳು. ಮಾತಾಗಿತ್ತು, ನಾನು ಇಲ್ಲವೆನ್ನುವುದಿಲ್ಲ. ಆದರೆ ನಿನಗೆ ಮೂವತ್ತಮೂರು, ಅವಳಿಗೆ ಹದಿನೇಳು. ನೀನು ಗಣಿ ಆಸ್ಪತ್ರೆಯ ಕಾಂಪೌಂಡರ್, ಕೋಟು ತೊಡುವವನು. ನಿನಗೆ ಓದಿದ ಹುಡುಗಿಯೇ ಸಿಕ್ಕಾಳು.

ರತ್ನಳನ್ನು ನನ್ನ ಗರಡಿಯ ಚಿಕ್ಕಮುನಿಯಪ್ಪನಿಗೆ ಕೊಡುತ್ತೇನೆ. ಸಂತೆಯಲ್ಲಿ ಸೊಪ್ಪು ಮಾರುವ ಮುತ್ಯಾಲಮ್ಮನ ಒಬ್ಬನೇ ಮಗ. ಹನ್ನೆರಡು ವರ್ಷದವನಾಗಿದ್ದಾಗ ನನ್ನ ಮಣ್ಣಿಗೆ ಇಳಿದ, ಈಗ ಇಪ್ಪತ್ತನಾಲ್ಕು. ದಿನಕ್ಕೆ ಸಾವಿರ ಬಸ್ಕಿ, ಐನೂರು ದಂಡ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ನನ್ನ ಮೇಸ್ತ್ರಿಕೆಯಲ್ಲೇ ಮೂಟೆ ಹೊರುತ್ತಾನೆ. ಎರಡು ಮೂಟೆ ಒಟ್ಟಿಗೆ ಹೊತ್ತು ಹಲಗೆ ಹತ್ತಿದರೂ ಅವನಿಗೆ ಏದುಸಿರಿಲ್ಲ ಕಣಯ್ಯಾ! ಹೊಟ್ಟೆಯಲ್ಲಿ ಹುಟ್ಟದಿದ್ದರೂ ಮಗನೇ. ರತ್ನಳಿಗೂ ಮನಸ್ಸಿದೆ. ಅವನ ಹೆಸರೆತ್ತಿದರೆ ಒಳಕೋಣೆಗೆ ಓಡುತ್ತಾಳೆ.

ಹಮಾಲಿ ಅಳಿಯ ಬೇಡವೆಂಬುದು ನಿನ್ನ ಅಕ್ಕನ ಹಟ. ಗಣಿಯಲ್ಲಿ ಅವನಿಗೊಂದು ಕಾಯಂ ಕೆಲಸ ಕೊಡಿಸು. ನನ್ನನ್ನು ಬೈಯುವುದಿದ್ದರೆ ಬೈದು ಬರೆ, ಹೊಟ್ಟೆಯಲ್ಲಿಟ್ಟುಕೊಳ್ಳಬೇಡ.

ಅಶ್ವತ್ಥಪ್ಪ

*

ಕೋಲಾರ ಚಿನ್ನದ ಗಣಿ
9 ಮೇ 1936

ಪೂಜ್ಯ ಭಾವನವರ ಪಾದಗಳಿಗೆ ಕೋದಂಡಪ್ಪನ ನಮಸ್ಕಾರಗಳು.

ನಿಮ್ಮನ್ನು ಬೈಯುವಷ್ಟು ದೊಡ್ಡವನೇ ನಾನು? ಹೆಣ್ಣು ನಿಮ್ಮದು, ಮಾತು ನಿಮ್ಮದು. ಹದಿನಾಲ್ಕನೇ ವಯಸ್ಸಿನಲ್ಲಿ ನಿಮ್ಮ ಗರಡಿಯಲ್ಲಿ ಮೂವತ್ತು ಬಸ್ಕಿಗೇ ತಲೆಸುತ್ತಿ ಬಿದ್ದವನು ನಾನು. "ಎತ್ಕೊಂಡೋಗ್ರೋ ಈ ದಂಟಿನ ಕಡ್ಡೀನ" ಎಂದು ನೀವು ನಕ್ಕಿದ್ದಿರಿ, ಎಲ್ಲರೂ ನಕ್ಕಿದ್ದರು. ಪೈಲ್ವಾನರ ಮನೆಯ ಹೆಣ್ಣು ಪೈಲ್ವಾನನಿಗೇ ಸೇರಲಿ. ನನಗೆ ಕಿಂಚಿತ್ತೂ ಬೇಸರವಿಲ್ಲವೆಂದು ಅಕ್ಕನಿಗೆ ಹೇಳಿ.

ಹುಡುಗನನ್ನು ಕಳುಹಿಸಿ. ಇಲ್ಲಿ ಆಳದ ಗಣಿಯ ಕಾವು ಮನುಷ್ಯನನ್ನು ಬೇಯಿಸಿಬಿಡುತ್ತದೆ. ಅದಕ್ಕೆ ನಮ್ಮ ದೊಡ್ಡ ಡಾಕ್ಟರು ಹೊಸಬರನ್ನೆಲ್ಲ ಪರೀಕ್ಷೆ ಮಾಡುತ್ತಾರೆ. ಮೊಣಕಾಲುದ್ದದ ಮರದ ಪೆಟ್ಟಿಗೆಯನ್ನು ಹತ್ತಿ ಇಳಿ, ಹತ್ತಿ ಇಳಿ ಎಂದು ಐದು ನಿಮಿಷ ಕುಣಿಸಿ, ಕೂಡಲೇ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾರೆ. ದುಡಿಯುವ ಮಾಂಸಖಂಡ ರಕ್ತ ಬೇಡುತ್ತದಂತೆ, ಕೊಡಲು ಹೃದಯ ಓಡುತ್ತದಂತೆ. ಓಟ ಬೇಗ ಇಳಿದವನು ಗಟ್ಟಿಗ. ಎಣಿಸುವ ಕೆಲಸ ಬಹುಪಾಲು ನನ್ನದೇ. ಆದ್ದರಿಂದ ನಿಶ್ಚಿಂತೆಯಾಗಿರಿ.

ನಿಮ್ಮ ವಿಧೇಯ,
ಕೋದಂಡಪ್ಪ

*

ಕೋಲಾರ ಚಿನ್ನದ ಗಣಿ
20 ಮೇ 1936

ಪೂಜ್ಯ ಭಾವನವರಿಗೆ,

ಈ ಕಾಗದವನ್ನು ಒಬ್ಬರೇ ಓದಿಕೊಳ್ಳಿ.

ಚಿಕ್ಕಮುನಿಯಪ್ಪ ಬಂದಿದ್ದ. ಪೆಟ್ಟಿಗೆ ಹತ್ತಿಸುವ ಮೊದಲು ಅವನನ್ನು ಮಲಗಿಸಿ ನಾಡಿ ಎಣಿಸಿದೆ. ನಿಮಿಷಕ್ಕೆ ನಲವತ್ತನಾಲ್ಕು. ತಪ್ಪಿರಬಹುದೆಂದು ಮೂರು ಸಲ ಎಣಿಸಿದೆ. ಸರಿಯಾದ ಮನುಷ್ಯನಿಗೆ ಎಪ್ಪತ್ತೆರಡು ಇರಬೇಕು ಭಾವ. ಇದು ಮುಳುಗುತ್ತಿರುವ ಹೃದಯ. ಡಾಕ್ಟರು ಎದೆಗೆ ಕಿವಿಗೊಟ್ಟು ತಲೆಯಾಡಿಸಿದರು. ಅತಿಯಾದ ಸಾಮಿನಿಂದ ಹೃದಯ ಊದಿಕೊಂಡು ಸೋತುಹೋಗಿದೆಯಂತೆ. ಹೊರಗೆ ಹುಲಿ, ಒಳಗೆ ಟೊಳ್ಳು.

ನಿಮ್ಮ ಶಿಷ್ಯ ಶ್ರೀನಿವಾಸಪ್ಪ ಹತ್ತು ವರ್ಷದ ಹಿಂದೆ ಪಟ್ಟು ಹಾಕುತ್ತಲೇ ಮಣ್ಣಿನ ಮೇಲೆ ಸತ್ತದ್ದು ನೆನಪಿದೆಯಲ್ಲ? ಅವನ ನಾಡಿಯನ್ನು ಯಾರೂ ಎಣಿಸಿರಲಿಲ್ಲ. ಇವನದನ್ನು ಎಣಿಸಿದ್ದೇವೆ, ಅದೊಂದು ಪುಣ್ಯ.

ಇನ್ನು ಒಂದು ಬಸ್ಕಿಯೂ ಕೂಡದು, ಮೂಟೆಯೂ ಕೂಡದು. ಮಲಗಿರಬೇಕು. ಅವನಿಗೆ ಏನೂ ಹೇಳಿಲ್ಲ. ನೀವು ಗುರುಗಳು, ನೀವೇ ಹೇಳಿದರೆ ಕೇಳುತ್ತಾನೆ.

ಕೋದಂಡಪ್ಪ

*

ಬಂಗಾರಪೇಟೆ
24 ಮೇ 1936

ಕೋದಂಡ,

ನಿನ್ನ ಕಾಗದವನ್ನು ಗರಡಿಯ ಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ಓದಿದೆ. ಶ್ರೀನಿವಾಸಪ್ಪನ ಹೆಸರನ್ನು ಏಕೆ ಎತ್ತಿದೆಯೋ! ಅವನ ಹೆಣವನ್ನು ಅವನ ಅಪ್ಪನ ಮನೆಗೆ ಹೊತ್ತವನು ನಾನು.

ಚಿಕ್ಕಮುನಿಯಪ್ಪನಿಗೆ ಹೇಳಿದೆ. ಮೊದಲು ನಕ್ಕ. "ನಂಗೇನಾಗಿಲ್ಲ ಉಸ್ತಾದ್, ಗೂಳಿ ಇದ್ದಂಗಿವ್ನಿ" ಅಂದ. ಆಮೇಲೆ ಇನ್ನೊಂದು ಮಾತು ಅಂದ, ಕೋಪ ಮಾಡಿಕೊಳ್ಳಬೇಡ. "ದೊಡ್ ಡಾಕ್ಟ್ರು ನನ್ ಕಡೆ ತಿರುಗಿ ನೋಡ್ಲಿಲ್ಲ, ನಿಮ್ ಮೈದುನ್ರೇ ಕೈ ಇಡ್ದು ಎಣಿಸಿ ಓಗು ಅಂದ್ರು" ಎಂದ. ಭಯಕ್ಕೆ ಹಾಗೆ ಹೇಳುತ್ತಾನೆಂದು ನಾನೇ ಗದರಿಸಿದೆ. ಕಪಾಳಕ್ಕೆ ಒಂದು ಕೊಟ್ಟೆ ಕೂಡ. ಹನ್ನೆರಡು ವರ್ಷದಲ್ಲಿ ಅವನ ಮೇಲೆ ಕೈಮಾಡಿದ್ದು ಇದೇ ಮೊದಲು. ಅವನು ನನ್ನ ಕಾಲು ಮುಟ್ಟಿ ಹೋಗಿ ಅವರಮ್ಮನ ಗುಡಿಸಲಲ್ಲಿ ಮಲಗಿದ.

ಎಷ್ಟು ದಿನ ಮಲಗಬೇಕು? ಏನು ತಿನ್ನಬೇಕು? ವಾಸಿಯಾಗುತ್ತಿದೆ ಎಂದು ನನಗೆ ಗೊತ್ತಾಗುವುದು ಹೇಗೆ? ಎಲ್ಲವನ್ನೂ ಬಿಡಿಸಿ ಬರೆ.

ಅಶ್ವತ್ಥಪ್ಪ

*

ಕೋಲಾರ ಚಿನ್ನದ ಗಣಿ
28 ಮೇ 1936

ಪೂಜ್ಯ ಭಾವನವರಿಗೆ,

ಹುಡುಗ ಕಣ್ಣುಮುಚ್ಚಿ ಮಲಗಿದ್ದಾಗ ಡಾಕ್ಟರು ಬಂದು ಹೋದರು. ಅವನಿಗೆ ಹೇಗೆ ತಿಳಿಯಬೇಕು? ಪಾಪ, ಬಿಡಿ.

ರೈಲಿನ ಗಾರ್ಡ್ ಕೈಯಲ್ಲಿ ನನ್ನ ಹಳೆಯ ಜೇಬು ಗಡಿಯಾರವನ್ನು ಕಳುಹಿಸಿದ್ದೇನೆ. ಸೆಕೆಂಡಿನ ಮುಳ್ಳು ಒಂದು ಸುತ್ತು ಬಂದರೆ ಒಂದು ನಿಮಿಷ. ಅವನ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಎಣಿಸಿ. ನಾಡಿ ಏರುತ್ತಾ ಬಂದರೆ ಹೃದಯಕ್ಕೆ ಜೀವ ಬರುತ್ತಿದೆ ಎಂದರ್ಥ. ಎಪ್ಪತ್ತೆರಡು ದಾಟಿದ ಮೇಲೆ ಮುಂದಿನ ಮಾತು.

ಬಾದಾಮಿ, ತುಪ್ಪ, ಮೊಟ್ಟೆ ನಿಲ್ಲಿಸಿ. ಗಂಜಿ ಸಾಕು. ನೀರು ಸೇದುವುದು, ನಡೆಯುವುದು ಏನೂ ಬೇಡ. ಸ್ನಾನವನ್ನು ಅವರಮ್ಮನೇ ಮಾಡಿಸಲಿ.

ಕೋದಂಡಪ್ಪ

*

ಬಂಗಾರಪೇಟೆ
2 ಆಗಸ್ಟ್ 1936

ಚಿರಂಜೀವಿ ಕೋದಂಡಪ್ಪನಿಗೆ ಆಶೀರ್ವಾದ.

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು! ನಾಡಿ ಏರುತ್ತಿದೆ. ಜೂನ್‌ನಲ್ಲಿ ಐವತ್ತೆರಡು, ಜುಲೈಯಲ್ಲಿ ಅರವತ್ತು, ಈ ದಿನ ಬೆಳಿಗ್ಗೆ ಅರವತ್ತೇಳು. ಗರಡಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತೇನೆ. ಒಂದು ಬಡಿತ ಹೆಚ್ಚಿದರೆ ಹನುಮಂತನಿಗೆ ಒಂದು ಕಾಯಿ.

ಆದರೆ ಹುಡುಗ ಕರಗುತ್ತಿದ್ದಾನೆ. ಆ ತೊಡೆ ನೋಡಿದ್ದೀಯಲ್ಲ, ನನ್ನ ಎರಡು ಕೈ ಸಾಲುತ್ತಿರಲಿಲ್ಲ. ಈಗ ಒಂದೇ ಕೈಯಲ್ಲಿ ಹಿಡಿಯಬಹುದು. ನಿನ್ನೆ ತನ್ನ ತೊಡೆಯನ್ನು ತಾನೇ ಹಿಸುಕಿ ನೋಡಿಕೊಳ್ಳುತ್ತಾ "ಯಾರ್ದೋ ಕಾಲು ತಂದು ಅಂಟ್ಸವ್ರೆ ಉಸ್ತಾದ್" ಎಂದ. ಗುಡಿಸಲಿನ ಬಾಗಿಲಿಗೆ ಎದ್ದು ಹೋದರೂ ಎದೆ ಡವಗುಟ್ಟುತ್ತದಂತೆ. ಹಿಂದೆ ಹೀಗಿರಲಿಲ್ಲ ಎನ್ನುತ್ತಾನೆ. ಇದು ಏಕೆ?

ಮುತ್ಯಾಲಮ್ಮ ಸಂತೆಗೆ ಹೋಗುವುದನ್ನು ಬಿಟ್ಟು ಮಗನ ಪಕ್ಕ ಕೂತಿದ್ದಾಳೆ. ನಿನ್ನ ಹೆಸರು ಹೇಳಿ ದೀಪ ಹಚ್ಚುತ್ತಾಳೆ.

ಅಶ್ವತ್ಥಪ್ಪ

*

ಕೋಲಾರ ಚಿನ್ನದ ಗಣಿ
6 ಆಗಸ್ಟ್ 1936

ಪೂಜ್ಯ ಭಾವನವರಿಗೆ,

ಅರವತ್ತೇಳು ಎಂದು ಓದಿ ಸಂತೋಷವಾಯಿತು. ಎದೆ ಡವಗುಟ್ಟುವುದು ಒಳ್ಳೆಯ ಲಕ್ಷಣ. ಸತ್ತಂತಿದ್ದ ಹೃದಯ ಎಚ್ಚರವಾಗುತ್ತಿದೆ. ಮಾಂಸ ಕರಗಿದರೆ ಕರಗಲಿ, ಆ ಮಾಂಸವೇ ಹೃದಯವನ್ನು ತಿನ್ನುತ್ತಿತ್ತು. ಎದ್ದು ಓಡಾಡಿದರೆ ಇಷ್ಟು ದಿನದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಒಂದು ಮಾತು, ಹೇಳಲು ನಾಲಿಗೆ ಬರುವುದಿಲ್ಲ. ಇಂಥ ಹೃದಯದವರು ಸಂಸಾರಕ್ಕೆ ಆಗುವುದಿಲ್ಲವೆಂದು ಡಾಕ್ಟರ ಮತ. ಬದುಕಿದರೂ ಐದಾರು ವರ್ಷ. ರತ್ನಳ ಹಣೆಯ ಕುಂಕುಮದ ವಿಷಯ ನೀವೇ ಯೋಚಿಸಿ. ನನ್ನನ್ನು ಈ ಮಾತಿನಲ್ಲಿ ಎಳೆಯಬೇಡಿ. ಹಳೆಯ ಹಕ್ಕಿನವನು ಎಂದು ಜನ ಆಡಿಕೊಂಡಾರು.

ಕೋದಂಡಪ್ಪ

*

ಬಂಗಾರಪೇಟೆ
18 ಅಕ್ಟೋಬರ್ 1936

ಚಿರಂಜೀವಿ ಕೋದಂಡಪ್ಪನಿಗೆ,

ಎರಡು ತಿಂಗಳು ನಾನು ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ನಿನ್ನೆ ಮುತ್ಯಾಲಮ್ಮನ ಗುಡಿಸಲಿಗೆ ಹೋಗಿ ನಿಶ್ಚಯದ ತಾಂಬೂಲ ವಾಪಸು ಇಸಿದುಕೊಂಡು ಬಂದೆ. ಅವಳು ಒಳಗಿಂದ ತಟ್ಟೆ ತಂದು ಕೊಟ್ಟಳು. ಚಿಕ್ಕಮುನಿಯಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. "ನೀವ್ ಮಾಡಿದ್ದು ಸರಿ ಉಸ್ತಾದ್, ನಾನೇ ಬ್ಯಾಡ ಅನ್ಬೇಕು ಅಂತಿದ್ದೆ" ಎಂದ. ಅವನ ನಾಡಿ ಎಪ್ಪತ್ತೆಂಟು ಇತ್ತು. ವಾಸಿಯಾಗುತ್ತಿರುವವನಿಂದ ಹೆಣ್ಣನ್ನು ಕಿತ್ತುಕೊಂಡೆನಲ್ಲ! ಕಿತ್ತುಕೊಳ್ಳದೆ ಮಗಳನ್ನು ವಿಧವೆ ಮಾಡಲೇ?

ರತ್ನ ಊಟ ಬಿಟ್ಟಿದ್ದಾಳೆ. ಇನ್ನೊಬ್ಬರ ಮನೆಗೆ ಕೊಟ್ಟರೆ, ಅರ್ಧ ಊರು ಕಂಡ ಮಾತುಕತೆ ಮುರಿದ ಹುಡುಗಿ ಎಂದು ಕುಕ್ಕಿ ತಿಂದಾರು. ನೀನೇ ದೊಡ್ಡ ಮನಸ್ಸು ಮಾಡಿ ಅವಳನ್ನು ಮದುವೆಯಾಗು. ಭಾವನಾಗಿ ಕೇಳುತ್ತಿಲ್ಲ, ಕೈಮುಗಿದು ಕೇಳುತ್ತಿದ್ದೇನೆ.

ಅಶ್ವತ್ಥಪ್ಪ

*

ಕೋಲಾರ ಚಿನ್ನದ ಗಣಿ
20 ಅಕ್ಟೋಬರ್ 1936

ಪೂಜ್ಯ ಭಾವನವರಿಗೆ,

ಹಿರಿಯರ ಮಾತಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ಕಾರ್ತಿಕದಲ್ಲಿ ಮೂರು ಲಗ್ನಗಳಿವೆ, ಪುರೋಹಿತರನ್ನು ಕೇಳಿಟ್ಟಿದ್ದೇನೆ. ಮೊದಲನೆಯದೇ ಆಗಲಿ.

ಕೋದಂಡಪ್ಪ

*

ಬಂಗಾರಪೇಟೆ
10 ಜನವರಿ 1937

ಚಿರಂಜೀವಿ ಅಳಿಯ ಕೋದಂಡಪ್ಪನಿಗೆ, ಮಗಳು ರತ್ನಳಿಗೆ ಆಶೀರ್ವಾದ.

ಮದುವೆಯ ಗದ್ದಲದಲ್ಲಿ ನಿನ್ನೊಡನೆ ಮಾತಾಡಲು ಆಗಲಿಲ್ಲ. ಚಿಕ್ಕಮುನಿಯಪ್ಪನ ಗುಡಿಸಲು ನಮ್ಮ ಮನೆಗೆ ಮೂರೇ ಬೀದಿ. ವಾಲಗ ಅಲ್ಲಿಗೆ ಕೇಳುತ್ತದೆ. ಗಟ್ಟಿಮೇಳದ ಹೊತ್ತಿಗೆ ಅವನು ಅಮ್ಮನ ಕೈಯಿಂದ ಅಕ್ಷತೆ ಇಸಿದುಕೊಂಡು ಮಲಗಿದಲ್ಲಿಂದಲೇ ನಮ್ಮ ಮನೆಯ ದಿಕ್ಕಿಗೆ ಎರಚಿದನಂತೆ. ಮುತ್ಯಾಲಮ್ಮ ಇದನ್ನು ಹೇಳಿದಾಗ ನಾನು ಹಿತ್ತಲಿಗೆ ಹೋಗಿ ಅತ್ತೆ. ಐವತ್ತೊಂಬತ್ತು ವರ್ಷದ ಗಂಡಸು!

ಈಗ ಅವನ ನಾಡಿ ತೊಂಬತ್ತೆರಡು. ನೀನು ಹೇಳಿದ್ದಕ್ಕಿಂತ ಇಪ್ಪತ್ತು ಹೆಚ್ಚೇ. ವಾಸಿಯಾದಂತೆ ಅಲ್ಲವೇ? ಆದರೆ ಐದು ದಿನದಿಂದ ಎಡಗಾಲಿನ ಮೀನಖಂಡ ಬಾತಿದೆ. ಕೆಂಪಗೆ, ಮುಟ್ಟಿದರೆ ಬಿಸಿ. ಒಳಗೆ ಮೊಳೆ ಹೊಡೆದ ಹಾಗೆ ನೋವು ಎನ್ನುತ್ತಾನೆ. ಬಲಗಾಲು ಒಣಗಿದ ಕಡ್ಡಿ, ಎಡಗಾಲು ಬಾಳೆದಿಂಡು. ಒಂದು ಸಲ ಬಂದು ನೋಡು. ಬೆಳಗಿನ ರೈಲಿಗೆ ಬಂದರೆ ಮಧ್ಯಾಹ್ನದ ರೈಲಿಗೆ ಹೋಗಬಹುದು.

ಅಶ್ವತ್ಥಪ್ಪ

*

ಕೋಲಾರ ಚಿನ್ನದ ಗಣಿ
14 ಜನವರಿ 1937

ಪೂಜ್ಯರಾದ ಮಾವನವರಿಗೆ ನಮಸ್ಕಾರಗಳು.

ಬರಲು ರಜೆ ಇಲ್ಲ. ಬರುವ ಅಗತ್ಯವೂ ಇಲ್ಲ.

ಹುಡುಗ ವಾಸಿಯಾಗಿದ್ದಾನೆ. ತೊಂಬತ್ತೆರಡು ಎಂದರೆ ಹೃದಯ ಚೆನ್ನಾಗಿ ಓಡುತ್ತಿದೆ. ಕಾಲು ಬಾತಿರುವುದು ಮಲಗಿದ್ದರಿಂದ. ನಮ್ಮ ಡಾಕ್ಟರು ಯಾವಾಗಲೂ ಹೇಳುತ್ತಾರೆ, ಮೀನಖಂಡವೇ ಕಾಲಿನ ಪಂಪು. ಅದು ಬಿಗಿದು ಸಡಿಲಿಸಿದಾಗಲೇ ಕೆಳಗಿನ ರಕ್ತ ಮೇಲಕ್ಕೆ ಏರುವುದು. ಎಬ್ಬಿಸಿ ಆಡಿಸಿದರೆ ಬಾವು ಇಳಿಯುತ್ತದೆ. ಮತ್ತೆ ಗರಡಿಗೆ ಸೇರಿಸಿಕೊಳ್ಳಿ. ನಿಮ್ಮ ಪದ್ಧತಿಯಂತೆಯೇ ನಡೆಸಿ. ಇಷ್ಟು ದಿನ ಮಲಗಿಸಿದ್ದು ಸಾಕು.

ಇನ್ನು ಅವನ ವಿಷಯ ನನಗೆ ಬರೆಯುವುದು ಬೇಡ. ರತ್ನ ಕಾಗದಗಳನ್ನು ನೋಡುತ್ತಾಳೆ.

ಕೋದಂಡಪ್ಪ

*

ಬಂಗಾರಪೇಟೆ
23 ಜನವರಿ 1937

ಕೋದಂಡಪ್ಪನಿಗೆ,

ಚಿಕ್ಕಮುನಿಯಪ್ಪ ಹೋದ.

ಮೊನ್ನೆ ಗುರುವಾರ ಬೆಳಿಗ್ಗೆ ಅವನನ್ನು ಗರಡಿಗೆ ಕರೆತಂದೆ. ಬಿಟ್ಟುಹೋದವನು ಮರಳಿ ಮಣ್ಣಿಗಿಳಿದರೆ ಹನುಮಂತನ ಮುಂದೆ ನೂರೆಂಟು ಬಸ್ಕಿ ಹೊಡೆದೇ ಇಳಿಯಬೇಕು, ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ನಿಧಾನ ಮಾಡೋಣ ಎಂದೆ. ಅವನು ಕೇಳಲಿಲ್ಲ. ಎಂಟು ತಿಂಗಳ ಮೇಲೆ ನಕ್ಕಿದ್ದು ಅಂದೇ. "ಎಣ್ಸಿ ಉಸ್ತಾದ್" ಎಂದ. ಹುಡುಗರೆಲ್ಲ ಸುತ್ತ ನಿಂತು ಜೋರಾಗಿ ಎಣಿಸಿದರು. ನಾನೂ ಎಣಿಸಿದೆ. ಇಪ್ಪತ್ತಕ್ಕೆ ಕಾಲು ನಡುಗಿತು. ನಲವತ್ತಕ್ಕೆ ಬಣ್ಣ ಹೋಯಿತು. ಸಾಕು ಎನ್ನಬೇಕಿತ್ತು. "ಬುಡ್ಬ್ಯಾಡ ಕಣ್ಲಾ, ಒಡಿ!" ಎಂದು ಕೂಗಿದೆ, ನಾನೇ ಕೂಗಿದೆ. ಅರವತ್ತೊಂದಕ್ಕೆ ಕೂತವನು ಎದೆ ಹಿಡಿದುಕೊಂಡ. ಉಸಿರಿಗೆ ಬಾಯಿಬಿಟ್ಟ, ತುಟಿ ನೀಲಿಯಾಯಿತು. ಮುಗಿಯಿತು. ನನ್ನ ತೊಡೆಯ ಮೇಲೆ ಮಡಿಲಲ್ಲಿ ಮಗು ಮಲಗಿದಂತೆ ಮಲಗಿಬಿಟ್ಟ. ಎತ್ತಿದರೆ ಭಾರವೇ ಇರಲಿಲ್ಲ.

ಗರಡಿಯ ಬಾಗಿಲಲ್ಲಿ ನಿಂತಿದ್ದ ಮುತ್ಯಾಲಮ್ಮನ ಕೈಯಲ್ಲಿ ಒಬ್ಬಟ್ಟಿತ್ತು. ಸಾಮು ಮುಗಿಸಿ ಬರುವ ಮಗನಿಗೆಂದು ತಂದಿದ್ದಳು.

ಅಶ್ವತ್ಥಪ್ಪ

*

ಕೋಲಾರ ಚಿನ್ನದ ಗಣಿ
27 ಜನವರಿ 1937

ಪೂಜ್ಯ ಮಾವನವರಿಗೆ,

ಸುದ್ದಿ ತಿಳಿದು ದುಃಖವಾಯಿತು. ನಾನು ಮೊದಲೇ ಎಚ್ಚರಿಸಿದ್ದ ಹೃದಯರೋಗವೇ ಕೊನೆಗೂ ಅವನನ್ನು ಒಯ್ದಿತು. ಎಂಟು ತಿಂಗಳು ಉಳಿಸಿಕೊಂಡೆವಲ್ಲ, ಅಷ್ಟಕ್ಕೆ ಸಮಾಧಾನ ಪಡಬೇಕು. ನೂರೆಂಟು ಹೊಡೆಸಿ ಎಂದು ನಾನು ಬರೆದಿರಲಿಲ್ಲ, ಅದನ್ನು ನೆನಪಿಡಿ. ರತ್ನಳನ್ನು ಅವನಿಗೆ ಕೊಟ್ಟಿದ್ದರೆ ಇಂದು ಏನಾಗುತ್ತಿತ್ತು, ಅದನ್ನೂ ಯೋಚಿಸಿ.

ಅವಳಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದಳು, ತಟ್ಟಿದಳು.

ಕೋದಂಡಪ್ಪ

*

ಬಂಗಾರಪೇಟೆ
28 ಫೆಬ್ರವರಿ 1937

ಚಿರಂಜೀವಿ ಕೋದಂಡಪ್ಪನಿಗೆ ಆಶೀರ್ವಾದ.

ಒಂದು ಸಂದೇಹ. ನೀನು ಓದಿದವನು, ತಿಳಿಸಿ ಪುಣ್ಯ ಕಟ್ಟಿಕೋ.

ನೀನು ಕಳುಹಿಸಿದ ಗಡಿಯಾರ ನನ್ನ ಬಳಿಯೇ ಉಳಿಯಿತು. ಎಂಟು ತಿಂಗಳು ಒಬ್ಬನ ಕೈ ಹಿಡಿದು ಎಣಿಸಿ ಅಭ್ಯಾಸವಾದವನಿಗೆ ಬೆರಳು ಸುಮ್ಮನಿರುವುದಿಲ್ಲ ನೋಡು. ಮೊನ್ನೆ ನನ್ನದನ್ನೇ ಎಣಿಸಿಕೊಂಡೆ. ನಲವತ್ತಾರು. ಗಾಬರಿಯಾಯಿತು. ಗರಡಿಯ ಹುಡುಗರನ್ನೆಲ್ಲ ಸಾಲಾಗಿ ಮಲಗಿಸಿ ಎಣಿಸಿದೆ. ಐವತ್ತು, ನಲವತ್ತೆಂಟು, ಐವತ್ತೆರಡು. ಎಲ್ಲರಿಗಿಂತ ಗಟ್ಟಿಗನಾದವನಿಗೆ ಎಲ್ಲರಿಗಿಂತ ಕಡಿಮೆ. ಗೂಡ್ಸ್ ಗುಮಾಸ್ತೆ ಕುರ್ಚಿ ಬಿಟ್ಟು ಏಳದವನು, ಮೂರು ಮೆಟ್ಟಿಲಿಗೆ ಏದುಸಿರು ಬಿಡುವವನು. ಅವನಿಗೆ ತೊಂಬತ್ತು.

ನಮಗೆಲ್ಲ ಹೃದಯರೋಗವೇ? ನಾನೂ ಮಲಗಬೇಕೇ? ಇಲ್ಲ, ಆಸ್ಪತ್ರೆಗೆ ಬಂದು ದೊಡ್ಡ ಡಾಕ್ಟರನ್ನು ಕಾಣಲೇ?

ಅಶ್ವತ್ಥಪ್ಪ

*

ಕೋಲಾರ ಚಿನ್ನದ ಗಣಿ
4 ಮಾರ್ಚ್ 1937

ಪೂಜ್ಯ ಮಾವನವರಿಗೆ,

ನಾಡಿ ಎಣಿಸುವುದು ಎಲ್ಲರ ಕೈಗೂ ಹತ್ತುವ ವಿದ್ಯೆಯಲ್ಲ. ಹುಡುಗರದು ಎಣಿಕೆ ತಪ್ಪಿರಬೇಕು, ಗಡಿಯಾರವೂ ಹಳೆಯದು. ಅದನ್ನು ವಾಪಸು ಕಳುಹಿಸಿ.

ಆದರೆ ನಿಮ್ಮ ವಯಸ್ಸಿಗೆ ನಲವತ್ತಾರು ಒಳ್ಳೆಯದಲ್ಲ. ಶಿಷ್ಯನಿಗೆ ಬಂದದ್ದೇ ಗುರುವಿಗೂ ಬಂದಿರಬಹುದು. ಗರಡಿ ಮುಚ್ಚಿ ಮೂರು ತಿಂಗಳು ಮಲಗಿಬಿಡಿ. ಆಸ್ಪತ್ರೆಗೆ ಬರಬೇಡಿ, ಡಾಕ್ಟರು ಊಟಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ತಿಳಿಯದು.

ಒಂದು ಶುಭ ಸಮಾಚಾರ. ರತ್ನಳಿಗೆ ಎರಡು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ. ಅಕ್ಕನಿಗೆ ಹೇಳಿ.

ಕೋದಂಡಪ್ಪ

*

ಬಂಗಾರಪೇಟೆ
9 ಮಾರ್ಚ್ 1937

ಕೋದಂಡಪ್ಪ,

ಡಾಕ್ಟರು ಊಟಿಯಲ್ಲಿಲ್ಲ. ನಾನು ನಿನಗೆ ಆ ಕಾಗದ ಬರೆಯುವ ನಾಲ್ಕು ದಿನ ಮೊದಲೇ ಅವರ ಮುಂದೆ ನಿಂತಿದ್ದೆ. ಅಂದು ನಿನ್ನನ್ನು ಇನ್ನೊಂದು ಶಾಫ್ಟಿನ ದವಾಖಾನೆಗೆ ಕಳುಹಿಸಿದ್ದರು. ಆಸ್ಪತ್ರೆಯ ತಮಿಳು ನರ್ಸಮ್ಮ ಡಾಕ್ಟರ ಇಂಗ್ಲಿಷ್ ಮಾತನ್ನು ನನಗೆ ಬಿಡಿಸಿ ಹೇಳಿದಳು. ಎಲ್ಲ ತಿಳಿದ ಮೇಲೆಯೇ ನಿನ್ನನ್ನು ಕೇಳಿದ್ದು. ಒಂದೇ ಒಂದು ಸಲ ನಿಜ ಹೇಳುತ್ತೀಯೇನೋ ಎಂದು ಕೇಳಿದೆ. ಹೇಳಿದ್ದರೆ ಏನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ. ನೀನು ನನ್ನನ್ನೂ ಮಲಗು ಎಂದೆ.

ಡಾಕ್ಟರು ನನ್ನನ್ನು ಆ ಪೆಟ್ಟಿಗೆಯ ಮೇಲೆ ಹತ್ತಿಸಿ ಇಳಿಸಿ ಐದು ನಿಮಿಷ ಕುಣಿಸಿದರು. ಎದೆಗೆ ಕೊಳವೆ ಇಟ್ಟು ಕೇಳಿ ನಕ್ಕರು. ಇಪ್ಪತ್ತೈದರ ಹುಡುಗರಿಗೆ ಇಂಥ ಎದೆ ಇಲ್ಲ ಮುದುಕಾ ಎಂದರು. ಸಾಮು ಮಾಡಿದ ಹೃದಯ ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದಂತೆ. ಅದಕ್ಕೆ ಆತುರವಿಲ್ಲ, ಅದಕ್ಕೇ ನಿಧಾನ. ಮಲಗಿ ಸೊರಗಿದ ಹೃದಯಕ್ಕೆ ಕಸುವಿಲ್ಲ, ಅದಕ್ಕೇ ಓಡುತ್ತದೆ. ಆ ಪೆಟ್ಟಿಗೆಯ ಪಕ್ಕ ಆರು ವರ್ಷ ನಿಂತು ನಾಡಿ ಎಣಿಸಿದ ನಿನಗೆ ಇದು ಗೊತ್ತಿರಲಿಲ್ಲವೇ? ಚಿಕ್ಕಮುನಿಯಪ್ಪನ ಹೆಸರನ್ನು ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಹುಡುಕಿಸಿದೆ. ಇಲ್ಲ. ಅವನನ್ನು ಡಾಕ್ಟರು ನೋಡಿಯೇ ಇಲ್ಲ. ಅವನು ನಿಜ ಹೇಳಿದ್ದ, ನಾನು ಕಪಾಳಕ್ಕೆ ಹೊಡೆದೆ.

ಬಾತ ಕಾಲಿನ ವಿಷಯವನ್ನೂ ಕೇಳಿದೆ. ತಿಂಗಳುಗಟ್ಟಲೆ ಮಲಗಿದವನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹಾಗೆ ಬಾತವನನ್ನು ಎಬ್ಬಿಸಿ ಬಸ್ಕಿ ಹೊಡೆಸಿದರೆ ಹೆಪ್ಪು ಕಿತ್ತುಕೊಂಡು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಉಸಿರು ನಿಲ್ಲುತ್ತದೆ ಎಂದರು. "ಯಾವ ಮುಟ್ಠಾಳ ಹಾಗೆ ಮಾಡಿಸಿದ?" ಎಂದು ಕೇಳಿದರು. ನಾನೇ ಎಂದೆ. ನಿನ್ನ ಹೆಸರು ಹೇಳಲಿಲ್ಲ.

ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಂದ ನೇರ ನಿನ್ನ ಮನೆಗೆ ಹೋದೆ. ನಿನಗಾಗಿ ಕಾಯುತ್ತಾ ಕೂತೆ. ಎರಡು ಕೈ ಸಾಕಾಗಿತ್ತು, ಕೋದಂಡಪ್ಪ, ಎರಡೇ ಕೈ. ರತ್ನ ನೀರು ತಂದುಕೊಟ್ಟು ಬಾಗಿಲ ಮರೆಯಲ್ಲಿ ನಿಂತು, "ಅಪ್ಪಾ, ನಂಗೆ ನೀರ್ ನಿಂತೈತೆ, ಅಮ್ಮಂಗ್ ಏಳು" ಎಂದಳು. ಅವಳ ಕುತ್ತಿಗೆಯ ತಾಳಿ ನೋಡಿದೆ. ಕಟ್ಟಿದವನು ನೀನು, ಕಟ್ಟಿಸಿದವನು ನಾನು. ನೀನು ಬರುವ ಮೊದಲೇ ಎದ್ದುಬಂದೆ. ನಾನು ಬಂದಿದ್ದನ್ನು ನಿನಗೆ ಹೇಳಬೇಡವೆಂದೆ. ಅವಳು ಹೇಳಿಲ್ಲ. ಅವಳೂ ನಿನ್ನಿಂದ ಮುಚ್ಚಿಡುವುದನ್ನು ಕಲಿತಿದ್ದಾಳೆ.

ಆದ್ದರಿಂದ ನೀನು ಬದುಕಿರು. ನಿನ್ನ ಅಕ್ಕನಿಗೂ ಹೇಳುವುದಿಲ್ಲ, ಮಗಳಿಗೂ ಹೇಳುವುದಿಲ್ಲ. ಅವಳ ಕಣ್ಣಿಗೆ ಬೀಳದಿರಲೆಂದೇ ಈ ಕಾಗದವನ್ನು ನಿನ್ನ ಆಸ್ಪತ್ರೆಯ ವಿಳಾಸಕ್ಕೆ ಹಾಕಿದ್ದೇನೆ. ಈ ಪಾಪ ನನಗೂ ನಿನಗೂ ಮಾತ್ರ. ಮುತ್ಯಾಲಮ್ಮ ಈಗಲೂ ಬಂದು ನನ್ನ ಕಾಲು ಮುಟ್ಟುತ್ತಾಳೆ. "ಎಂಟು ತಿಂಗ್ಳು ನನ್ ಮಗನ್ನ ಉಳಿಸ್ಕೊಟ್ರಿ ಸಾಮೀ, ನಿಮ್ ಮೈದುನ್ರ ವಂಶ ಬೆಳೀಲಿ" ಎನ್ನುತ್ತಾಳೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳುವಂತೆಯೂ ಇಲ್ಲ, ಎಳೆದುಕೊಂಡರೆ ಕಾರಣ ಹೇಳಬೇಕು.

ರತ್ನಳ ಹೆರಿಗೆ ನನ್ನ ಮನೆಯಲ್ಲಿ. ತವರಲ್ಲಿ ಹುಟ್ಟಿದ ಚೊಚ್ಚಲಿಗೆ ಹೆಸರಿಡುವುದು ತಾತ. ಹೆಸರು ಯಾವುದೆಂದು ನಿನ್ನ ಅಕ್ಕನಿಗೆ, ನನ್ನ ಮಗಳಿಗೆ ತಿಳಿಸಿಯಾಯಿತು, ಇಬ್ಬರೂ ಅತ್ತು ಒಪ್ಪಿದ್ದಾರೆ. ಮುತ್ಯಾಲಮ್ಮನನ್ನೇ ತೊಟ್ಟಿಲು ತೂಗಲು ಕರೆದಿದ್ದೇನೆ. ನೀನು ಆ ದಿನ ಬಂದು ತೊಟ್ಟಿಲ ಮುಂದೆ ಕೂರಬೇಕು, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರನ್ನು ನೀನೇ ಹೇಳಬೇಕು, ಆಮೇಲೆ ನೀನು ಸಾಯುವ ತನಕ ದಿನವೂ ಅದೇ ಹೆಸರು ಹಿಡಿದು ಕರೆಯಬೇಕು. ಗಂಡಾದರೆ ಚಿಕ್ಕಮುನಿಯಪ್ಪ. ಹೆಣ್ಣಾದರೆ ಚಿಕ್ಕಮುನಿಯಮ್ಮ.

ಅಶ್ವತ್ಥಪ್ಪ